ಗಣಕಯಂತ್ರದ ಸ್ಮೃತಿಕೋಶದಲ್ಲಿ ಮಿತವ್ಯಯ

ಶಾಸ್ತ್ರಕಾರರಲ್ಲಿ ಲಾಘವ, ಗೌರವ ಎಂಬ ಎರಡು ಪರಿಭಾಷೆಗಳುಂಟು. ಸಾಧಿಸಬೇಕಾದುದನ್ನು ಕುಂದಿಲ್ಲದೆ, ಆದರೆ ಅತ್ಯಲ್ಪ ಸಾಮಗ್ರಿಯಿಂದ ಸಾಧಿಸುವುದು ಲಾಘವ. ಅದೇ ಕಾರ್ಯಕ್ಕೆ ಅಧಿಕ ಸಾಮಗ್ರಿಯನ್ನು ವ್ಯಯಮಾಡುವುದು ಗೌರವ. ಅರ್ಧ ಮಾತ್ರೆ ಉಳಿದರೂ ವೈಯಾಕರಣರು ಹಿಗ್ಗುತ್ತಾರೆಂದು ವಿದ್ವಾಂಸರು ವಿನೋದವಾಗಿ ಹೇಳುವುದನ್ನು ವಾಚಕರು ಕೇಳಿರಬಹುದು. ಆ ಹಿಗ್ಗು ವ್ಯಾಕರಣಕ್ಕೆ ಮಾತ್ರ ಮೀಸಲಾದುದಲ್ಲ. ಗಣಕಯಂತ್ರಕ್ಕೆ ಕೆಲಸ ಹೇಳುವ ಕೃತಕ ಭಾಷೆಗಳನ್ನು ಕಟ್ಟುವವರೂ ಇದೇ ಲಾಘವಕ್ಕಾಗಿ ವರ್ಷಗಟ್ಟಲೆ ಶ್ರಮಿಸುತ್ತಾರೆ. ಅವರು ಉಳಿಸುವುದು ಮಾತ್ರೆಗಳನ್ನಲ್ಲ. ಯಂತ್ರದ ಸ್ಮೃತಿಕೋಶದಲ್ಲಿನ ಸ್ಥಳವನ್ನು, ಮತ್ತು ಆ ಸ್ಥಳವನ್ನು ಬೇಡಿ ಪಡೆದು ಹಿಂದಿರುಗಿಸುವ ಶ್ರಮವನ್ನು. ಅಂತಹ ಭಾಷೆಗಳಲ್ಲೊಂದಾದ 'ಗೋ'ವನ್ನು ನಿದರ್ಶನವಾಗಿಟ್ಟುಕೊಂಡು ಈ ಉಳಿತಾಯದ ಬಗೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಉಳಿತಾಯವು ಯಂತ್ರದ ಜಾಣತನವೊಂದರಿಂದಲೇ ಆಗುವುದಲ್ಲ, ಬರೆದವರ ಶಿಸ್ತೂ ಅದಕ್ಕೆ ಬೇಕೆಂಬುದು ಇಲ್ಲಿ ಪ್ರತಿಪಾದಿಸಬೇಕಾದ ಮುಖ್ಯಾಂಶ.

ಭಾಷೆಯ ಹಿನ್ನೆಲೆ

ಹೆಸರಿನ ವಿಷಯದಲ್ಲಿ ಮೊದಲು ಒಂದು ಮಾತು. ಈ 'ಗೋ' ನಮ್ಮ ಗೋಶಬ್ದವಲ್ಲ. 'ಹೋಗು' ಎಂಬ ಅರ್ಥದ ಇಂಗ್ಲಿಷ್ ಪದ. 2007ರಲ್ಲಿ ಅಮೆರಿಕದ ಗೂಗಲ್ ಸಂಸ್ಥೆಯಲ್ಲಿ ರಾಬರ್ಟ್ ಗ್ರೀಸ್ಮರ್, ರಾಬ್ ಪೈಕ್, ಕೆನ್ ಥಾಮ್ಸನ್ ಎಂಬ ಮೂವರು ಇದರ ರೂಪರೇಖೆಯನ್ನು ಹಾಕಿದರು. ಇವರಲ್ಲಿ ಥಾಮ್ಸನ್ ಅವರು ಯುನಿಕ್ಸ್ ವ್ಯವಸ್ಥೆಯ ನಿರ್ಮಾಪಕರಲ್ಲೊಬ್ಬರೆಂದು ಪ್ರಖ್ಯಾತರು. 2009ರ ನವೆಂಬರಿನಲ್ಲಿ ಭಾಷೆಯು ಸಾರ್ವಜನಿಕರ ಮುಂದೆ ಬಂದಿತು. 2012ರ ಮಾರ್ಚಿನಲ್ಲಿ ಅದರ ಮೊದಲನೆಯ ಸ್ಥಿರ ಆವೃತ್ತಿ ಹೊರಬಿದ್ದಿತು. ಏಕಕಾಲದಲ್ಲಿ ಸಾವಿರಾರು ಮಂದಿಯ ಕೋರಿಕೆಗಳಿಗೆ ಉತ್ತರ ಕೊಡಬೇಕಾದ ಸರ್ವರ್ ಯಂತ್ರಗಳಲ್ಲಿ ಇದರ ಬಳಕೆ ಹೆಚ್ಚು.

ಈ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಯಂತ್ರವು ನೇರವಾಗಿ ಅರಿಯಲಾರದು. ಅದನ್ನು ಯಂತ್ರದ ಆಜ್ಞೆಗಳಾಗಿ ಮೊದಲೇ ಭಾಷಾಂತರಿಸಿಕೊಡುವ ಸಾಧನವೇ ಕಂಪೈಲರು. ಇದು ಮಾತು ಕಿವಿಗೆ ಬಿದ್ದಂತೆಲ್ಲ ಅನುವಾದಿಸುವ ದುಭಾಷಿಯಂತಲ್ಲ. ವಾಕ್ಯವನ್ನು ಕೊನೆಯವರೆಗೆ ಓದಿ, ಅನ್ವಯಮಾಡಿಕೊಂಡು, ಅನಂತರ ಅರ್ಥ ಹೇಳುವ ವ್ಯಾಖ್ಯಾನಕಾರನಂತೆ. ಕ್ರಿಯಾಪದ ಎಲ್ಲಿದೆ, ಯಾವ ಪದ ಯಾವುದರೊಡನೆ ಕೂಡುತ್ತದೆ ಎಂಬುದನ್ನು ಕೆಲಸ ಆರಂಭವಾಗುವ ಮೊದಲೇ ಅದು ಕಂಡಿರುತ್ತದೆ. ಮುಂದೆ ಹೇಳುವ ಉಳಿತಾಯವೆಲ್ಲವೂ ಈ ಪೂರ್ವದರ್ಶನದ ಫಲ.

ಭಾಷೆಯೊಡನೆ ಸ್ಟ್ಯಾಂಡರ್ಡ್ ಲೈಬ್ರರಿ ಎಂಬ ಸಿದ್ಧ ಸಾಮಗ್ರಿಯ ಭಂಡಾರವೂ ಬರುತ್ತದೆ. ಅಕ್ಷರಮಾಲೆಗಳನ್ನು ಜೋಡಿಸುವುದು, ಸಂಖ್ಯೆಯನ್ನು ಬರಹರೂಪಕ್ಕೆ ತಿರುಗಿಸುವುದು, ಕಡತವನ್ನು ಓದುವುದು, ಸಂದೇಶವನ್ನು ಗುಪ್ತಲಿಪಿಗೆ ಇಳಿಸುವುದು ಇವೇ ಮೊದಲಾದ ನಿತ್ಯದ ಕೆಲಸಗಳಿಗೆ ಅದರಲ್ಲಿ ಫಂಕ್ಷನ್‌ಗಳಿವೆ. ಫಂಕ್ಷನ್ ಎಂದರೆ ಹೆಸರಿಟ್ಟು ಪ್ರತ್ಯೇಕಿಸಿದ ಒಂದು ಕಾರ್ಯಭಾಗ. ಲೈಬ್ರರಿಯ ಒಂದು ಫಂಕ್ಷನನ್ನು ಒಂದೇ ಸರ್ವರು ದಿನವೊಂದಕ್ಕೆ ಲಕ್ಷಾಂತರ ಬಾರಿ ಕರೆಯುವುದುಂಟು. ಆದ್ದರಿಂದ ಇಲ್ಲಿ ಒಂದು ಕಡೆ ಆದ ಉಳಿತಾಯ ಅಸಂಖ್ಯಾತ ಕಡೆ ಫಲಿಸುತ್ತದೆ; ಇಲ್ಲಿ ಆದ ದುಂದು ಕೂಡ ಹಾಗೆಯೇ.

ಕಪ್ಪು ಹಲಗೆ ಮತ್ತು ಕಚೇರಿಯ ಕಾಗದ

ಸ್ಮೃತಿಕೋಶದಲ್ಲಿ ಕೆಲಸಕ್ಕೆ ಬೇಕಾದ ಸ್ಥಳ ಎರಡು ಬಗೆಯಲ್ಲಿ ದೊರೆಯುತ್ತದೆ. ಒಂದರ ಹೆಸರು ಸ್ಟ್ಯಾಕ್. ಇನ್ನೊಂದರ ಹೆಸರು ಹೀಪ್. ಉಪಾಧ್ಯಾಯರಿಗೆ ಇದನ್ನು ತಿಳಿಯಹೇಳಲು ಶಾಲೆಯ ದೃಷ್ಟಾಂತವೇ ಸಾಕು.

ಗಣಿತದ ಉಪಾಧ್ಯಾಯರು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಾರೆ. ಗಂಟೆ ಬಾರಿಸಿದೊಡನೆ ಹಲಗೆಯನ್ನು ಒರೆಸಿ ಹೊರಡುತ್ತಾರೆ. ಆ ಬರಹಕ್ಕೆ ಯಾರ ಅನುಮತಿಯೂ ಬೇಡ, ದಾಖಲೆಯೂ ಬೇಡ. ಸ್ಟ್ಯಾಕ್ ಎಂಬುದು ಈ ಹಲಗೆಯಂತೆ. ಫಂಕ್ಷನ್ ಆರಂಭವಾದಾಗ ಅದಕ್ಕೆ ಬೇಕಾದಷ್ಟು ಸ್ಥಳ, ಗುರುತಿನ ರೇಖೆಯೊಂದನ್ನು ಸರಿಸಿದ ಮಾತ್ರಕ್ಕೆ ಸಿದ್ಧವಾಗುತ್ತದೆ; ಫಂಕ್ಷನ್ ಮುಗಿದಾಗ ರೇಖೆ ಹಿಂದಕ್ಕೆ ಸರಿದು ಸ್ಥಳವೆಲ್ಲ ತಾನಾಗಿ ತೆರವಾಗುತ್ತದೆ.

ಆದರೆ ಲೆಕ್ಕದ ಉತ್ತರವನ್ನು ವಿದ್ಯಾರ್ಥಿಯು ಮನೆಗೆ ಒಯ್ಯಬೇಕಾದರೆ ಹಲಗೆ ಪ್ರಯೋಜನಕ್ಕೆ ಬಾರದು; ಕಚೇರಿಯಿಂದ ಕಾಗದ ತರಿಸಬೇಕು. ಗುಮಾಸ್ತರು ತಕ್ಕ ಅಳತೆಯ ಹಾಳೆಯನ್ನು ಹುಡುಕಿ ಕೊಟ್ಟು ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಅದರ ಬಳಕೆ ತೀರಿತೇ ಇಲ್ಲವೇ ಎಂಬುದನ್ನು ಮುಂದೊಂದು ದಿನ ವಿಚಾರಿಸಬೇಕು. ಹೀಪ್ ಎಂಬುದು ಈ ಕಚೇರಿಯ ಕಾಗದ. ಗೋ ಭಾಷೆಯಲ್ಲಿ 8 ಬೈಟ್‌ಗಳಿಂದ 32 ಕಿಲೋಬೈಟ್‌ಗಳವರೆಗೆ ಸುಮಾರು 70 ಅಳತೆಯ ವರ್ಗಗಳಲ್ಲಿ ಈ ಸ್ಥಳವನ್ನು ವಿಂಗಡಿಸಿಟ್ಟಿರುತ್ತಾರೆ. ಬಳಕೆ ತೀರಿದುದನ್ನು ಗುರುತಿಸಿ ಹಿಂಪಡೆಯುವ ಹೊಣೆ ಗಾರ್ಬೇಜ್ ಕಲೆಕ್ಟರ್ ಎಂಬ ಸಂಗ್ರಾಹಕನದು. ಬೇರೆ ಸೂಚನೆ ಇಲ್ಲದಿದ್ದಲ್ಲಿ, ಹಿಂದಿನ ಶೋಧನೆಯ ಬಳಿಕ ಉಳಿದುಕೊಂಡಿದ್ದ ವಸ್ತುಗಳಷ್ಟೇ ಪ್ರಮಾಣದ ಹೊಸ ವಸ್ತುಗಳು ಹೀಪಿನಲ್ಲಿ ಸೇರುವಷ್ಟರಲ್ಲಿ ಸಂಗ್ರಾಹಕನು ಮತ್ತೆ ಶೋಧನೆಗೆ ಇಳಿಯುತ್ತಾನೆ. ಹಾಗೆ ಶೋಧಿಸುವ ಅವಧಿಯಲ್ಲಿ ಯಂತ್ರದ ಗಣನಶಕ್ತಿಯ ಸುಮಾರು ಕಾಲು ಭಾಗವನ್ನು ಬಳಸಿಕೊಳ್ಳುವಂತೆ ಅವನನ್ನು ರೂಪಿಸಲಾಗಿದೆ. ಆದ್ದರಿಂದ ಹೀಪಿನಲ್ಲಿ ಪಡೆದ ಪ್ರತಿಯೊಂದು ಚೂರೂ ಎರಡು ಬಾರಿ ಬೆಲೆ ಕೇಳುತ್ತದೆ: ಪಡೆಯುವಾಗ ಒಮ್ಮೆ, ಶೋಧಿಸುವಾಗ ಇನ್ನೊಮ್ಮೆ.

ಹೊರಹೋಗುವಿಕೆಯ ವಿಚಾರಣೆ

ಯಾವುದಕ್ಕೆ ಹಲಗೆ, ಯಾವುದಕ್ಕೆ ಕಾಗದ ಎಂದು ನಿರ್ಧರಿಸುವವರು ಯಾರು? ಸಿ ಎಂಬ ಹಳೆಯ ಭಾಷೆಯಲ್ಲಿ ಆ ಹೊಣೆ ಬರೆಯುವವರದೇ. ಅಲ್ಲಿ ಫಂಕ್ಷನ್ನಿನೊಳಗೆ ಹುಟ್ಟಿದ ಸ್ಥಳೀಯ ವಸ್ತುವಿನ ವಿಳಾಸವನ್ನು ಹೊರಗೆ ಕೊಟ್ಟುಬಿಟ್ಟರೆ, ಫಂಕ್ಷನ್ ಮುಗಿದ ಮೇಲೆ ಆ ವಿಳಾಸ ಒರೆಸಿದ ಹಲಗೆಯನ್ನು ತೋರಿಸುತ್ತದೆ. ಅಲ್ಲಿ ಬೇರೆಯವರ ಬರಹ ಬಂದಿರಬಹುದು. ಗೋ ಭಾಷೆಯಲ್ಲಿ ಹಾಗೆ ಬರೆಯುವುದು ತಪ್ಪಲ್ಲ. ವಸ್ತುವು ಹೊರಗೆ ಹೋಗುತ್ತದೆಂದು ಕಂಪೈಲರು ಮುಂಚಿತವಾಗಿ ಕಂಡುಕೊಂಡು ಅದನ್ನು ಮೊದಲಿಂದಲೇ ಹೀಪಿನಲ್ಲಿ ಇಡುತ್ತದೆ. ಇದಕ್ಕೆ ವಿಪರೀತವಾಗಿ, 'ನ್ಯೂ' ಎಂಬ ಪದ ಬಳಸಿ ಹೊಸದಾಗಿ ಕೇಳಿದ ವಸ್ತುವಾದರೂ ಫಂಕ್ಷನ್ನಿನಿಂದ ಹೊರಗೆ ಹೋಗದಿದ್ದರೆ ಅದು ಸ್ಟ್ಯಾಕಿನಲ್ಲಿಯೇ ಉಳಿಯುತ್ತದೆ. ಶಬ್ದಕ್ಕೆ ಅರ್ಥ ನಿರ್ಣಯವಾಗುವುದು ಪ್ರಯೋಗದಿಂದ ಎಂಬಂತೆ, ಇಲ್ಲಿ ವಸ್ತುವಿಗೆ ಸ್ಥಾನ ನಿರ್ಣಯವಾಗುವುದು ಅದರ ಬಳಕೆಯಿಂದ. ಈ ನಿರ್ಣಯಕ್ಕೆ ಎಸ್ಕೇಪ್ ಅನಾಲಿಸಿಸ್ ಎಂದು ಹೆಸರು. ಹೊರಹೋಗುವಿಕೆಯ ವಿಚಾರಣೆ ಎಂದು ಅದನ್ನು ಕನ್ನಡಿಸಬಹುದು. 2019ರ ಸೆಪ್ಟೆಂಬರಿನಲ್ಲಿ ಬಂದ 1.13ನೆಯ ಆವೃತ್ತಿಯಲ್ಲಿ ಈ ವಿಚಾರಣೆಯ ಭಾಗವನ್ನು ಹೊಸದಾಗಿ ಬರೆದು ಹೆಚ್ಚು ನಿಖರಗೊಳಿಸಿದರು.

ಈ ವಿಚಾರಣೆಯಲ್ಲಿ ಒಂದು ನ್ಯಾಯವುಂಟು. ಹೊರಗೆ ಹೋಗದ ವಸ್ತುವನ್ನು ಹೀಪಿನಲ್ಲಿಟ್ಟರೆ ಆಗುವುದು ದುಂದು; ಹೊರಗೆ ಹೋಗುವ ವಸ್ತುವನ್ನು ಸ್ಟ್ಯಾಕಿನಲ್ಲಿಟ್ಟರೆ ಆಗುವುದು ಅನರ್ಥ. ಎರಡು ತಪ್ಪುಗಳೂ ಸಮಾನವಲ್ಲ. ಆದಕಾರಣ ಹೊರಗೆ ಹೋಗುವುದಿಲ್ಲವೆಂದು ನಿಸ್ಸಂದೇಹವಾಗಿ ಸಿದ್ಧವಾದಾಗ ಮಾತ್ರ ಸ್ಟ್ಯಾಕು. ಎಳ್ಳಷ್ಟು ಸಂದೇಹ ಉಳಿದರೂ ಹೀಪು.

ಸಂದೇಹಕ್ಕೆ ಎಡೆಯಾಗುವ ಸಂದರ್ಭ ಬಹಳ. ಲೈಬ್ರರಿಯಲ್ಲಿ 'ರೀಡರ್' ಎಂಬುದೊಂದು ಕರಾರು ಇದೆ. ಕಡತವಾಗಲಿ, ಜಾಲದ ಸಂಪರ್ಕವಾಗಲಿ, ಓದಿಕೊಡಬಲ್ಲ ಯಾವ ವಸ್ತುವಾದರೂ ಆ ಕರಾರಿಗೆ ಒಳಪಡಬಹುದು. ಓದಿದ್ದನ್ನು ತುಂಬಲು ನಾವು ಒಂದು ಪಾತ್ರೆಯನ್ನು ಕೊಡುತ್ತೇವೆ. ಎದುರಿಗಿರುವ ವಸ್ತು ನಿಜವಾಗಿ ಯಾವುದೆಂದು ತಿಳಿಯದಿದ್ದಾಗ, ಅದು ಪಾತ್ರೆಯನ್ನು ತುಂಬಿ ಹಿಂದಿರುಗಿಸುವುದೋ, ಅದರ ವಿಳಾಸವನ್ನು ತನ್ನಲ್ಲಿಯೇ ಬರೆದಿಟ್ಟುಕೊಳ್ಳುವುದೋ ಎಂದು ಕಂಪೈಲರಿಗೆ ಹೇಳಲಾಗದು. ಆಗ ಪಾತ್ರೆ ಹೀಪಿನಿಂದಲೇ ಬರಬೇಕು. ಅಂತೆಯೇ ವಸ್ತುವಿನ ವಿಳಾಸವು ಸಾರ್ವತ್ರಿಕವಾದ ಹೆಸರೊಂದಕ್ಕೆ ಅಂಟಿದರೆ ಹೀಪು; ಹೊಸದಾಗಿ ಕೇಳಿದ ವಸ್ತುವಿನ ಗಾತ್ರ 64 ಕಿಲೋಬೈಟ್ ಮೀರಿದರೂ ಹೀಪು.

ಲೈಬ್ರರಿಕಾರರ ಪಾಲು

ಕಂಪೈಲರಿನ ಶಕ್ತಿಗೆ ಹೀಗೆ ಮೇರೆ ಇರುವುದರಿಂದ, ಲೈಬ್ರರಿ ಬರೆದವರು ಅದಕ್ಕೆ ನೆರವಾಗಬೇಕು. ಹೊರಗೆ ಹೋಗುವುದಿಲ್ಲ ಎಂಬ ಸಿದ್ಧಾಂತಕ್ಕೆ ಸಾಕಷ್ಟು ಪ್ರಮಾಣ ಸಿಗುವಂತೆ ಬರೆಯಬೇಕು. ಇದಕ್ಕೆ ಮೂರು ನಿದರ್ಶನಗಳನ್ನು ನೋಡೋಣ.

ಮೊದಲನೆಯದು, ಪಾತ್ರೆಯನ್ನು ಕರೆದವರೇ ತರುವ ಪದ್ಧತಿ. ಸಂಖ್ಯೆಯನ್ನು ಬರಹಕ್ಕೆ ತಿರುಗಿಸುವ ಫಂಕ್ಷನ್ ಪ್ರತಿ ಸಲವೂ ಹೊಸ ಅಕ್ಷರಮಾಲೆಯನ್ನು ಸೃಷ್ಟಿಸಿ ಕೊಟ್ಟರೆ ಪ್ರತಿ ಸಲವೂ ಸ್ಥಳ ಬೇಕು. ಅದಕ್ಕೆ ಬದಲಾಗಿ 'ಅಪೆಂಡ್‌ಇಂಟ್' ಎಂಬ ಫಂಕ್ಷನ್, ಕರೆದವರು ತಂದ ಪಾತ್ರೆಯ ಕೊನೆಗೆ ಅಂಕಿಗಳನ್ನು ಸೇರಿಸಿ ಅದನ್ನೇ ಹಿಂದಿರುಗಿಸುತ್ತದೆ. ಒಂದೇ ಪಾತ್ರೆಯಲ್ಲಿ ಸಾವಿರ ಸಂಖ್ಯೆಗಳನ್ನು ಬರೆಯಬಹುದು. ಕಾಲವನ್ನು ಬರೆಯಲು ಇಂತಹದೇ ಫಂಕ್ಷನ್ 2015ರ 1.5ನೆಯ ಆವೃತ್ತಿಯಲ್ಲಿಯೂ, ನಾನಾ ಬಗೆಯ ಮೌಲ್ಯಗಳನ್ನು ಅಚ್ಚುಕಟ್ಟಾಗಿ ಬರೆಯಲು 2022ರ 1.19ನೆಯ ಆವೃತ್ತಿಯಲ್ಲಿಯೂ ಸೇರಿದವು.

ಎರಡನೆಯದು, ಅಕ್ಷರಮಾಲೆಗಳನ್ನು ಕಟ್ಟುವ 'ಬಿಲ್ಡರ್'. ಗೋ ಭಾಷೆಯಲ್ಲಿ ಅಕ್ಷರಮಾಲೆ ಒಮ್ಮೆ ರೂಪುಗೊಂಡ ಮೇಲೆ ಬದಲಾಗದು. ಬೈಟುಗಳ ಸಾಲು ಬದಲಾಗಬಲ್ಲದು. ಆದ್ದರಿಂದ ಸಾಲನ್ನು ಅಕ್ಷರಮಾಲೆಯಾಗಿಸುವಾಗ ಸಾಮಾನ್ಯವಾಗಿ ಒಂದು ನಕಲು ಆಗಬೇಕು. ಹೀಗೆ ಪಡೆದ ಅಕ್ಷರಮಾಲೆಯನ್ನು ಹೋಲಿಕೆಗೋ, ಕೋಶದಲ್ಲಿ ಪದ ಹುಡುಕಿದಂತೆ ಕೋಷ್ಟಕದಲ್ಲಿ ಹುಡುಕುವುದಕ್ಕೋ ಮಾತ್ರ ಬಳಸಿ ಬಿಟ್ಟುಬಿಡುವುದಾದರೆ, ಕಂಪೈಲರು ಅದನ್ನು ಗುರುತಿಸಿ ನಕಲನ್ನೇ ಕೈಬಿಡುತ್ತದೆ. ವ್ಯಾಕರಣದ ಲೋಪದಂತೆ ಇಲ್ಲಿ ಸ್ಥಾನವುಂಟು, ಉಚ್ಚಾರಣೆಯಿಲ್ಲ. ಆದರೆ ದೀರ್ಘವಾದ ಬರಹವನ್ನು ತುಣುಕು ತುಣುಕಾಗಿ ಕಟ್ಟಿ ಹೊರಗೆ ಕೊಡಬೇಕಾದಲ್ಲಿ ಕಂಪೈಲರೊಂದರಿಂದ ಸಾಗದು. ಅದಕ್ಕಾಗಿ 2018ರ ಫೆಬ್ರುವರಿಯ 1.10ನೆಯ ಆವೃತ್ತಿಯಲ್ಲಿ ಬಿಲ್ಡರನ್ನು ಸೇರಿಸಿದರು. ಒಳಗೆ ಬೆಳೆಸಿದ ಬೈಟುಗಳ ಸಾಲನ್ನೇ ಅದು ನಕಲಿಲ್ಲದೆ ಅಕ್ಷರಮಾಲೆಯಾಗಿ ಒಪ್ಪಿಸುತ್ತದೆ. ಇದು ಅಪಾಯವಿಲ್ಲದೆ ನಡೆಯಬೇಕಾದರೆ ಬಿಲ್ಡರನ್ನು ಯಾರೂ ಪ್ರತಿಮಾಡಿಕೊಳ್ಳಬಾರದು. ಅದನ್ನು ಪತ್ತೆಹಚ್ಚಲು ಬಿಲ್ಡರು ತನ್ನ ವಿಳಾಸವನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಇಲ್ಲೊಂದು ವಿಪರ್ಯಾಸ: ವಿಳಾಸ ಎಲ್ಲಿಯೋ ದಾಖಲಾಯಿತೆಂದು ಕಂಡ ಕಂಪೈಲರು, ಅದು ಹೊರಗೆ ಹೋಯಿತೆಂದು ಶಂಕಿಸಿ ಇಡೀ ಬಿಲ್ಡರನ್ನು ಹೀಪಿಗೆ ಕಳುಹಿಸುತ್ತಿತ್ತು. ಲೈಬ್ರರಿಕಾರರು ಆ ವಿಳಾಸವನ್ನು ಒಮ್ಮೆ ಬರಿಯ ಸಂಖ್ಯೆಯನ್ನಾಗಿಸಿ, ಮತ್ತೆ ವಿಳಾಸವನ್ನಾಗಿ ತಿರುಗಿಸುವ ಉಪಾಯದಿಂದ ಕಂಪೈಲರಿನ ಕಣ್ಣು ತಪ್ಪಿಸಿದರು. ಇದು ಕಂಪೈಲರಿನ ಕುಂದೊಂದನ್ನು ಸುತ್ತಿಹೋಗುವ ಉಪಾಯವಷ್ಟೇ ಎಂದು ಅಲ್ಲಿಯೇ ಟಿಪ್ಪಣಿಯಲ್ಲಿ ಒಪ್ಪಿಕೊಂಡೂ ಇದ್ದಾರೆ.

ಮೂರನೆಯದು ಹೆಚ್ಚು ಸೊಗಸಾದುದು. ಗುಪ್ತಲಿಪಿಯ ಲೆಕ್ಕಗಳಲ್ಲಿ ಪಿ-256 ಎಂಬ ವಕ್ರರೇಖೆಯ ಬಿಂದುವೊಂದನ್ನು 65 ಬೈಟುಗಳಲ್ಲಿ ಬರೆದುಕೊಡುವ ಫಂಕ್ಷನ್ ಇದೆ. ಉತ್ತರವನ್ನು ಹೊರಗೆ ಕೊಡಬೇಕಾದುದರಿಂದ ಆ 65 ಬೈಟುಗಳಿಗೆ ಹೀಪೇ ಗತಿ ಎಂದು ತೋರುತ್ತದೆ. ಲೈಬ್ರರಿಕಾರರು ಫಂಕ್ಷನನ್ನು ಎರಡಾಗಿ ಒಡೆದರು. ಹೊರಗಿನದು ಅತಿ ಚಿಕ್ಕದು: 65 ಬೈಟುಗಳ ಪಾತ್ರೆಯೊಂದನ್ನು ಇಟ್ಟು ಒಳಗಿನದನ್ನು ಕರೆಯುವುದಷ್ಟೇ ಅದರ ಕೆಲಸ. ಒಳಗಿನದು ದೊಡ್ಡದು, ನಿಜವಾದ ಲೆಕ್ಕವೆಲ್ಲ ಅದರದು. ಚಿಕ್ಕ ಫಂಕ್ಷನನ್ನು ಕರೆಯುವ ಬದಲು ಅದರ ಒಡಲನ್ನೇ ಕರೆದ ಸ್ಥಳದಲ್ಲಿ ಬರೆದುಬಿಡುವ ಇನ್‌ಲೈನಿಂಗ್ ಎಂಬ ಕ್ರಮ ಕಂಪೈಲರಿಗುಂಟು. ಕೃದಂತ ಪ್ರಕೃತಿಯೊಳಗೆ ಪ್ರತ್ಯಯ ಕರಗಿದಂತೆ ಹೊರಗಿನ ಫಂಕ್ಷನ್ ಕರೆದವರ ಫಂಕ್ಷನ್ನಿನಲ್ಲಿ ಕರಗುತ್ತದೆ. ಈಗ ಪಾತ್ರೆಯು ಕರೆದವರ ಅಂಗಳದಲ್ಲಿಯೇ ಇಟ್ಟಂತಾಯಿತು. ಅವರು ಅದನ್ನು ಮುಂದೆ ಹೊರಗೆ ಕೊಡದಿದ್ದರೆ ಅದು ಅವರ ಸ್ಟ್ಯಾಕಿನಲ್ಲಿಯೇ ಇದ್ದು ಅಳಿಯುತ್ತದೆ. ಕರೆದವರು ತಮ್ಮ ಬರಹದಲ್ಲಿ ಒಂದಕ್ಷರವನ್ನೂ ಬದಲಿಸಬೇಕಿಲ್ಲ. ಇನ್ನೊಂದು ಫಂಕ್ಷನನ್ನು ಕರೆಯುವ ಫಂಕ್ಷನ್ನೂ ಹೀಗೆ ಕರಗಬಹುದೆಂಬ ಸೌಲಭ್ಯ 2019ರ ಫೆಬ್ರುವರಿಯ 1.12ನೆಯ ಆವೃತ್ತಿಯಿಂದ ದೊರೆತುದರಿಂದ ಈ ಉಪಾಯ ಸಾಧ್ಯವಾಯಿತು.

ಗಾತ್ರ ತಿಳಿಯದ ಪಾತ್ರೆಗಳು

ಬಹುಕಾಲ ಒಂದು ಕೊರತೆ ಉಳಿದಿತ್ತು. ಪಾತ್ರೆ ಹೊರಗೆ ಹೋಗುವುದಿಲ್ಲವೆಂದು ಸಿದ್ಧವಾದರೂ ಅದರ ಗಾತ್ರ ಭಾಷಾಂತರದ ಸಮಯದಲ್ಲಿ ತಿಳಿಯದೆ, ಕೆಲಸ ನಡೆಯುವಾಗ ಮಾತ್ರ ತಿಳಿಯುವುದಾದರೆ ಹೀಪಿಗೇ ಹೋಗಬೇಕಾಗಿತ್ತು. 2025ರ ಆಗಸ್ಟ್ ತಿಂಗಳಿನ 1.25ನೆಯ ಆವೃತ್ತಿಯಲ್ಲಿ ಇದಕ್ಕೆ ಪರಿಹಾರ ದೊರೆಯಿತು. ಕಂಪೈಲರು ಸ್ಟ್ಯಾಕಿನಲ್ಲಿ 32 ಬೈಟುಗಳ ಚಿಕ್ಕ ಜಾಗವನ್ನು ಮುಂಗಡವಾಗಿ ಕಾದಿರಿಸುತ್ತದೆ. ಬೇಡಿಕೆ ಅಷ್ಟರೊಳಗಿದ್ದರೆ ಅದನ್ನೇ ಕೊಡುತ್ತದೆ. ಮೀರಿದರೆ ಹೀಪಿಗೆ ಕಳುಹಿಸುತ್ತದೆ. 2026ರ ಫೆಬ್ರುವರಿಯ 1.26ನೆಯ ಆವೃತ್ತಿ ಇದೇ ನೀತಿಯನ್ನು ಒಂದೊಂದಾಗಿ ಸೇರಿಸುತ್ತ ಬೆಳೆಸುವ ಸಾಲುಗಳಿಗೂ ವಿಸ್ತರಿಸಿತು. ಅಂತಹ ಸಾಲು ತುಂಬಿದಂತೆಲ್ಲ ಅದರ ಸ್ಥಳ 1, 2, 4, 8 ಎಂದು ಇಮ್ಮಡಿಸುತ್ತದೆ. ಪ್ರತಿ ಸಲವೂ ಹಳೆಯ ಚೂರು ಕಸವಾಗುತ್ತದೆ. ಒಂದೊಂದು ವಸ್ತುವಿಗೆ 8 ಬೈಟುಗಳೆಂದರೆ ಮೊದಲ ನಾಲ್ಕು ವಸ್ತುಗಳು ಆ 32 ಬೈಟುಗಳಲ್ಲಿಯೇ ಹಿಡಿಯುವುದರಿಂದ, 1, 2, 4ರ ಮೂರು ಸಣ್ಣ ಬೇಡಿಕೆಗಳು ಹೀಪಿಗೆ ತಲುಪುವುದೇ ಇಲ್ಲ. ಸಾಲುಗಳು ಬಹುಪಾಲು ಚಿಕ್ಕವಾಗಿರುವ ಕಾರ್ಯಗಳಲ್ಲಿ ಇದು ದೊಡ್ಡ ಲಾಭ.

ಉಳಿತಾಯದೊಡನೆ ಬರುವ ಎಚ್ಚರ

ಈ ಲಾಭಕ್ಕೆ ಒಂದು ಮಗ್ಗುಲೂ ಇದೆ. ಭಾಷೆಯ ರಕ್ಷಣೆಯನ್ನು ಬದಿಗಿಟ್ಟು ವಿಳಾಸಗಳನ್ನು ನೇರವಾಗಿ ಬಳಸಲು 'ಅನ್‌ಸೇಫ್' ಎಂಬ ದ್ವಾರವುಂಟು. ಹೆಸರೇ ಅದರ ಅಪಾಯವನ್ನು ಸಾರುತ್ತದೆ. ಆ ದ್ವಾರದ ನಿಯಮಗಳನ್ನು ಮೀರಿ, ವಿಳಾಸವನ್ನು ಬರಿಯ ಸಂಖ್ಯೆಯಾಗಿ ಬಚ್ಚಿಟ್ಟು ಬಹುಕಾಲದ ಮೇಲೆ ಬಳಸುವ ಕ್ರಮವಿಧಿಗಳು ಇದ್ದರೂ ಇದ್ದಾವು. ವಸ್ತು ಹೀಪಿನಲ್ಲಿದ್ದಾಗ ಅದು ಸ್ಥಳ ಬದಲಿಸದು. ಸಂಗ್ರಾಹಕನ ಸರದಿ ಬರುವವರೆಗೆ ಅಳಿಯದು. ಆದ್ದರಿಂದ ತಪ್ಪು ಅಡಗಿಯೇ ಇರುತ್ತದೆ. ಅದೇ ವಸ್ತು ಸ್ಟ್ಯಾಕಿಗೆ ಬಂದೊಡನೆ, ಫಂಕ್ಷನ್ ಮುಗಿಯುವಾಗಲೇ ಅದು ಅಳಿಯುತ್ತದೆ. ಇಷ್ಟೇ ಅಲ್ಲದೆ 2014ರ 1.3ನೆಯ ಆವೃತ್ತಿಯಿಂದ ಗೋದ ಸ್ಟ್ಯಾಕು, ಸ್ಥಳ ಸಾಲದಾದಾಗ, ತನ್ನೆಲ್ಲ ಸಾಮಗ್ರಿಯೊಡನೆ ದೊಡ್ಡ ಜಾಗಕ್ಕೆ ಸ್ಥಳಾಂತರವಾಗುತ್ತದೆ. ನಿಜವಾದ ವಿಳಾಸಗಳೆಲ್ಲ ಆಗ ತಿದ್ದಲ್ಪಡುತ್ತವೆ. ಸಂಖ್ಯೆಯ ವೇಷದಲ್ಲಿರುವುದು ಮಾತ್ರ ಹಳೆಯ ಮನೆಯನ್ನೇ ತೋರಿಸುತ್ತಿರುತ್ತದೆ. ಅನ್‌ಸೇಫ್‌ನ ತಪ್ಪು ಬಳಕೆಯ ಪರಿಣಾಮಗಳು ಈ ಬದಲಾವಣೆಯಿಂದ ಉಲ್ಬಣಿಸಬಹುದೆಂದು 1.25ನೆಯ ಆವೃತ್ತಿಯ ಪ್ರಕಟಣೆಯಲ್ಲಿಯೇ ಎಚ್ಚರಿಸಿದರು. ತೊಂದರೆ ಕಂಡವರು ಹೊಸ ಕ್ರಮವನ್ನು ತಡೆಹಿಡಿಯಲು ಸೂಚನೆಯೊಂದನ್ನೂ ಒದಗಿಸಿದರು. ಕಂಪೈಲರಿನ ಸಿದ್ಧಾಂತ ಸರಿಯಾಗಿದ್ದರೂ, ಅದಕ್ಕೆ ಆಧಾರವಾದ ಮಾತನ್ನು ಬರೆದವರು ಮುರಿದಿದ್ದರೆ ಫಲ ಕೆಡುತ್ತದೆ.

ಮತ್ತೊಂದು ಎಚ್ಚರ ಲೈಬ್ರರಿಕಾರರದು. ಈ ಬಗೆಯ ಉಳಿತಾಯ ಕಣ್ಣಿಗೆ ಕಾಣದು; ಕಳೆದುಹೋದರೂ ಕಾಣದು. ಉತ್ತರ ಮೊದಲಿನಂತೆಯೇ ಸರಿಯಾಗಿ ಬರುತ್ತಿರುತ್ತದೆ, ವ್ಯಯ ಮಾತ್ರ ಗುಟ್ಟಾಗಿ ಏರಿರುತ್ತದೆ. ಚಿಕ್ಕ ಫಂಕ್ಷನ್ನಿಗೆ ಸದುದ್ದೇಶದಿಂದ ಇನ್ನೆರಡು ಸಾಲು ಸೇರಿಸಿದರೆ ಅದು ಗಾತ್ರದ ಮಿತಿಯನ್ನು ದಾಟಿ ಕರಗದೆ ಉಳಿಯಬಹುದು. ಆಗ 65 ಬೈಟುಗಳು ಮತ್ತೆ ಹೀಪಿನ ಪಾಲು. ಇದಕ್ಕೆ ಎರಡು ರಕ್ಷಣೆಗಳಿವೆ. ಕೇಳಿದರೆ ಕಂಪೈಲರು ತನ್ನ ತೀರ್ಪುಗಳನ್ನು, ಇದು ಹೊರಗೆ ಹೋಗುತ್ತದೆ, ಇದು ಹೋಗುವುದಿಲ್ಲ, ಎಂದು ಸಾಲುಸಾಲಾಗಿ ಬರೆದುಕೊಡುತ್ತದೆ. ಎರಡನೆಯದಾಗಿ, ಫಂಕ್ಷನೊಂದು ಒಂದು ಸಲಕ್ಕೆ ಸರಾಸರಿ ಎಷ್ಟು ಬಾರಿ ಹೀಪನ್ನು ಬೇಡಿತೆಂದು ಎಣಿಸುವ ಸಾಧನ ಲೈಬ್ರರಿಯಲ್ಲಿಯೇ 2013ರ 1.1ನೆಯ ಆವೃತ್ತಿಯಿಂದ ಇದೆ. ಲೈಬ್ರರಿಯ ಅನೇಕ ಪರೀಕ್ಷೆಗಳಲ್ಲಿ ಉತ್ತರದ ಜೊತೆಗೆ ಈ ಎಣಿಕೆಯನ್ನೂ ಪರಿಶೀಲಿಸುತ್ತಾರೆ. ಸೊನ್ನೆ ಇರಬೇಕಾದಲ್ಲಿ ಒಂದು ಬಂದರೆ ಪರೀಕ್ಷೆ ಅನುತ್ತೀರ್ಣ.

ಗೋ ಭಾಷೆಯಲ್ಲಿ ಬರೆಯುವ ಸಾಮಾನ್ಯರು ತಮ್ಮ ವಸ್ತು ಸ್ಟ್ಯಾಕಿನಲ್ಲಿದೆಯೋ ಹೀಪಿನಲ್ಲಿದೆಯೋ ಎಂಬ ಚಿಂತೆಯನ್ನು ಹೊರಬೇಕಿಲ್ಲ. ಅರ್ಥ ಸರಿಯಾಗಿರುವುದಕ್ಕೆ ಆ ತಿಳಿವಳಿಕೆ ಬೇಕಾಗದಂತೆಯೇ ಭಾಷೆಯನ್ನು ರೂಪಿಸಲಾಗಿದೆ. ಅವರ ಆ ನಿಶ್ಚಿಂತೆಯ ಹಿಂದೆ ಕಂಪೈಲರು ಬರೆದವರ ಸೂಕ್ಷ್ಮ ವಿಚಾರಣೆಯೂ, ಲೈಬ್ರರಿ ಬರೆದವರ ಕಟ್ಟುನಿಟ್ಟಾದ ಎಣಿಕೆಯೂ ಇವೆ. ಲಾಘವವೆಂದರೆ ಕೊಡಬೇಕಾದುದನ್ನು ಕೊಡದೆ ಉಳಿಸುವುದಲ್ಲ. ಯಾವುದು ಎಷ್ಟು ಕಾಲ ಬೇಕೆಂಬುದನ್ನು ಮುಂಚಿತವಾಗಿ ಅರಿತು ಅಷ್ಟನ್ನೇ ವ್ಯಯಿಸುವುದು. ಸಂದೇಹವಿದ್ದಲ್ಲಿ ಉಳಿತಾಯವನ್ನು ಬಿಟ್ಟು ಸುರಕ್ಷತೆಯನ್ನು ಹಿಡಿಯುವುದೂ ಆ ಲಾಘವದ ಅಂಗವೇ ಆಗಿದೆ.